ಎರಡು ಪರ್ಸೆಂಟ್ ವಾಪಸ್

ಜನವರಿ 9

ಅಪ್ಪಾ,

ನಿನ್ನೆ ನೀವು ನಾಲ್ಕು ಸಲ ಫೋನ್ ಮಾಡಿದ್ದೀರಿ. ನಾನು ಬೇಕೆಂದೇ ತೆಗೆಯಲಿಲ್ಲ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನಾನು ಎಲ್ಲದಕ್ಕೂ ಹೂಂ ಅಂದುಬಿಡುತ್ತೇನೆ. ಯಾವುದಕ್ಕೆ ಹೂಂ ಅಂದೆ ಎನ್ನುವುದು ಎರಡು ದಿನ ಬಿಟ್ಟು ಗೊತ್ತಾಗುತ್ತದೆ. ಆದ್ದರಿಂದ ಇನ್ನು ಮೇಲೆ ದುಡ್ಡಿನ ಮಾತು ಏನಿದ್ದರೂ ಕಾಗದದಲ್ಲೇ ಆಗಲಿ. ಅಮ್ಮನ ಆರೋಗ್ಯದ ವಿಷಯಕ್ಕೆ ಮಾತ್ರ ಫೋನ್ ಮಾಡಿ.

ಅಮ್ಮ ನಿಮಗೆ ಅರ್ಧಂಬರ್ಧ ಹೇಳಿರುತ್ತಾಳೆ, ಪೂರ್ತಿ ನಾನೇ ಹೇಳುತ್ತೇನೆ. ನಾನು ಎಂಟು ವರ್ಷದಿಂದ ಕೃತಕ ಹಲ್ಲು ಮಾಡುತ್ತಿರುವ ಈ ಲ್ಯಾಬನ್ನು ಯಜಮಾನರು ಮಾರುತ್ತಿದ್ದಾರೆ. ಅವರ ಬಲಗೈ ನಡುಗಲು ಶುರುವಾಗಿದೆ. ಮೇಣದಲ್ಲಿ ಹಲ್ಲಿನ ಆಕಾರ ಕೆತ್ತುವ ಕೈ ನಡುಗಿದರೆ ಏನು ಉಳಿಯಿತು? ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು: "ನೀನು ತಗೊಳ್ಳೋದಾದ್ರೆ ಬೇರೆ ಯಾರ ಹತ್ರಾನೂ ಬಾಯಿ ಬಿಡಲ್ಲ. ಕುಲುಮೆ, ಬೆಂಚು, ನಮಗೆ ಕೆಲಸ ಕೊಡೋ ಡಾಕ್ಟರ್‌ಗಳ ಪಟ್ಟಿ, ಎಲ್ಲಾ ಸೇರಿ ನಾಲ್ಕು ಲಕ್ಷ. ಆದ್ರೆ ಸೆಪ್ಟೆಂಬರ್ ಮೂವತ್ತರ ಆಚೆ ಕಾಯೋಕಾಗಲ್ಲ."

ನನ್ನ ಹತ್ತಿರ ಒಂದು ಲಕ್ಷ ಇದೆ. ಉಳಿದದ್ದಕ್ಕೆ ಬ್ಯಾಂಕಿಗೆ ಹೋದೆ. ಸಾಲ ವಿಭಾಗದ ಹೆಂಗಸು ಕಂಪ್ಯೂಟರಿನಲ್ಲಿ ನನ್ನ ಹೆಸರು ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸಾಲ ಕೊಡುವ ಮೊದಲು ನೋಡುವ ನನ್ನ ಕ್ರೆಡಿಟ್ ಸ್ಕೋರು 612 ಅಂತ ಕೆಂಪಕ್ಷರದಲ್ಲಿತ್ತು. ಅವರಿಗೆ ಕನಿಷ್ಠ 680 ಬೇಕಂತೆ. 612 ಯಾಕೆ ಎಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಇಪ್ಪತ್ತಮೂರನೇ ವಯಸ್ಸಿನಲ್ಲಿ ನಿಮ್ಮ ಕುಶನ್ ಅಂಗಡಿಯ ಸಾಲಕ್ಕೆ ಜಾಮೀನು ಹಾಕಿದೆ. ನೀವು ಹದಿನಾಲ್ಕು ಕಂತು ಕಟ್ಟಿ ನಿಲ್ಲಿಸಿದಿರಿ, ಹನ್ನೊಂದು ತಿಂಗಳು ನನಗೆ ತಿಳಿಸಲೇ ಇಲ್ಲ. ಬ್ಯಾಂಕಿನವರು ಲ್ಯಾಬಿಗೇ ಬಂದು ನಿಂತಾಗ ನನ್ನ ಕೈಯಲ್ಲಿ ಯಾರದೋ ದವಡೆಯ ಅಚ್ಚು ಇತ್ತು. ಆಮೇಲೆ ನಾಲ್ಕು ವರ್ಷ ನನ್ನ ಸಂಬಳದಲ್ಲಿ ತೀರಿಸಿದೆ. ಸಾಲ ತೀರಿದರೂ ಕಲೆ ಹೋಗಿಲ್ಲ.

ಆ ಹೆಂಗಸು ಒಂದು ದಾರಿ ಹೇಳಿದರು. ಠೇವಣಿ ಇಟ್ಟು ಅದರ ಮೇಲೆ ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಬೇಕು. ಸಣ್ಣಪುಟ್ಟ ಖರ್ಚು ಅದರಲ್ಲಿ ಮಾಡಿ, ತಿಂಗಳು ತಿಂಗಳು ತಪ್ಪದೆ ಪೂರ್ತಿ ಕಟ್ಟುತ್ತ ಹೋದರೆ ಹೆಸರು ನಿಧಾನವಾಗಿ ಸರಿಹೋಗುತ್ತದಂತೆ. ನಾನು ಅದನ್ನೇ ಮಾಡುವವಳಿದ್ದೇನೆ. ನಿಮ್ಮ ಸಲಹೆ ಕೇಳುತ್ತಿಲ್ಲ, ಸುಮ್ಮನೆ ತಿಳಿಸುತ್ತಿದ್ದೇನೆ.

ನಿಮ್ಮ ಮಗಳು


ಜನವರಿ 17

ಚೂಟಿ,

ನಿನ್ನ ಕಾಗದವನ್ನು ನಾನು ಈಗ ಕುಶನ್ ಹೊಲಿಯಲು ಹೋಗುವ ವರ್ಕ್‌ಶಾಪಿನಲ್ಲೇ ಒಡೆದು ಓದಿದೆ. ನನ್ನ ಮುಖ ನೋಡಿ ಮೇಸ್ತ್ರಿ, "ಯಾರಿಗೇನಾಯ್ತು ಅಣ್ಣ?" ಅಂತ ಹೊಲಿಗೆ ಮಿಷನ್ ನಿಲ್ಲಿಸಿಬಿಟ್ಟ. ಈ ಕಾಲದಲ್ಲಿ ಕಾಗದ ಬಂದರೆ ಜನ ಹೆದರುತ್ತಾರೆ. ಏನೂ ಇಲ್ಲ, ಮಗಳು ಬರೆದಿದ್ದಾಳೆ ಅಂದೆ. ಮಗಳು ಬೈದಿದ್ದಾಳೆ ಅನ್ನಲಿಲ್ಲ.

ನೀನು ಸಲಹೆ ಕೇಳಿಲ್ಲ, ಸರಿ. ಇದು ಸಲಹೆಯಲ್ಲ, ಬರೀ ಮಾಹಿತಿ. ನಾನು ಮೂರು ಬ್ಯಾಂಕುಗಳಿಗೆ ಹೋಗಿ ಕರಪತ್ರ ತಂದು ಕೂತು ಓದಿದೆ. ನಿನ್ನಂಥವರಿಗೆ ಸಿಗುವುದು ಎರಡು ಬಗೆ. ಒಂದಕ್ಕೆ ವರ್ಷದ ಫೀಸಿಲ್ಲ, ಆದರೆ ಅದು ಏನನ್ನೂ ಕೊಡುವುದಿಲ್ಲ. ಇನ್ನೊಂದಕ್ಕೆ ವರ್ಷಕ್ಕೆ ಒಂದೂವರೆ ಸಾವಿರ ಫೀಸು, ಆದರೆ ಏನೇ ಕೊಂಡರೂ ಎರಡು ಪರ್ಸೆಂಟ್ ಕ್ಯಾಶ್‌ಬ್ಯಾಕ್. ಎರಡಕ್ಕೂ ಠೇವಣಿ ಮೂವತ್ತು ಸಾವಿರ, ಮಿತಿಯೂ ಅಷ್ಟೇ.

ಈಗ ಲೆಕ್ಕ ನೋಡು. ವರ್ಷಕ್ಕೆ ಎಪ್ಪತ್ತೈದು ಸಾವಿರ ಖರ್ಚು ಮಾಡಿದರೆ ಸಾವಿರದ ಐನೂರು ವಾಪಸ್, ಅಲ್ಲಿಗೆ ಫೀಸು ಬಿದ್ದುಹೋಯಿತು. ತಿಂಗಳಿಗೆ ಹಾಕಿದರೆ ಆರು ಸಾವಿರದ ಇನ್ನೂರ ಐವತ್ತು. ಅದರ ಮೇಲೆ ಬಂದದ್ದೆಲ್ಲ ನಮ್ಮದು! ರೆಕ್ಸಿನ್ ಕತ್ತರಿಸುವಾಗ ಉಳಿಯುವ ಚೂರಿನಲ್ಲಿ ನಾನು ದಿಂಬಿನ ಚೀಲ ಹೊಲಿಯುವವನು. ಕೊಡುತ್ತೇನೆ ಅಂದದ್ದನ್ನು ಬಿಟ್ಟುಬರುವುದು ನನ್ನ ಕೈಯಲ್ಲಾಗುವುದಿಲ್ಲ.

ಹಳೆಯ ವಿಷಯಕ್ಕೆ ಏನು ಹೇಳಲಿ? ಜಾಮೀನು ಅಂದರೆ ಏನು, ಎತ್ತ ಅಂತ ಆಗ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆಗಿಹೋಯಿತು.

ಹಿಂದೆ ನಿಂತು ಅಮ್ಮ ಹೇಳುತ್ತಿದ್ದಾಳೆ, ಹೇಳಿದ ಹಾಗೇ ಬರೆಯಬೇಕಂತೆ: "ಫೀಸಿಲ್ಲದ್ದನ್ನೇ ತಗೊಳೇ. ಬಕೆಟ್ ಜೊತೆ ಮಗ್ ಪುಕ್ಕಟೆ ಅಂತ ನಾಲ್ಕು ಬಕೆಟ್ ಹೊತ್ಕೊಂಡು ಬಂದ ಮನುಷ್ಯ ಇವರು. ಮನೇಲಿರೋದು ಇಬ್ರು." ಬರೆದಿದ್ದೇನೆ.

ನಿನ್ನ ಅಪ್ಪ


ಫೆಬ್ರವರಿ 6

ಅಪ್ಪಾ,

"ಅದರ ಮೇಲೆ ಬಂದದ್ದೆಲ್ಲ ನಮ್ಮದು" ಎಂದು ಬರೆದು ಸುತ್ತ ಗೆರೆ ಬೇರೆ ಎಳೆದಿದ್ದೀರಿ. ನಮ್ಮದು ಅಂದರೆ ಯಾರದು? ಕಾರ್ಡು ನನ್ನ ಹೆಸರಿನದು, ಠೇವಣಿ ನನ್ನದು, 612 ಕೂಡ ನನ್ನದೇ. ಲಾಭ ಬರುವಾಗ ಮಾತ್ರ ನಮ್ಮದು.

ನಿಮ್ಮ ಲೆಕ್ಕ ನನ್ನ ತಲೆ ತಿಂದುಹಾಕಿತು. ನಾನು ಕಾರ್ಡಿನಲ್ಲಿ ಖರ್ಚು ಮಾಡಬಹುದಾದದ್ದು ಹೆಚ್ಚೆಂದರೆ ತಿಂಗಳಿಗೆ ನಾಲ್ಕು ಸಾವಿರ. ಬಸ್ ಪಾಸು, ಅಂಗಡಿ ಸಾಮಾನು, ಫೋನಿನ ಬಿಲ್ಲು ಅಷ್ಟೇ. ವರ್ಷಕ್ಕೆ ನಲವತ್ತೆಂಟು ಸಾವಿರ, ಎರಡು ಪರ್ಸೆಂಟ್ ಅಂದರೆ ಒಂಬೈನೂರ ಅರವತ್ತು. ಫೀಸಿಗೆ ಐನೂರ ನಲವತ್ತು ಕಡಿಮೆ. ಅಂದರೆ ನನ್ನಂಥವಳಿಗೆ ಪುಕ್ಕಟೆ ಕಾರ್ಡೇ ಸರಿ. ಮೂರನೇ ಕ್ಲಾಸಿನ ಲೆಕ್ಕ ಇದು. ಹೀಗೆ ಗಟ್ಟಿಯಾಗಿ ಅಂದುಕೊಂಡೇ ಬ್ಯಾಂಕಿಗೆ ಹೋದೆ.

ಆಮೇಲೆ ಆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಕೌಂಟರಿನಲ್ಲಿದ್ದವನು ಎರಡೂ ಅರ್ಜಿಗಳನ್ನು ಮುಂದಿಟ್ಟ. ಪುಕ್ಕಟೆಯದಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅವನು, "ಮೇಡಂ, ಇದರಲ್ಲಿ ಏನೂ ವಾಪಸ್ ಬರಲ್ಲ, ನೋಡ್ಕೊಳ್ಳಿ" ಅಂದ. "ಅದರಲ್ಲಿ ಬರುತ್ತಾ? ಎಷ್ಟು ಬಳಸಿದ್ರೆ ಫೀಸು ಎದ್ದುಬರುತ್ತೆ?" ಎಂದು ನನ್ನ ಬಾಯಿ ಕೇಳಿತು. ಉತ್ತರ ನನಗೆ ಮೊದಲೇ ಗೊತ್ತಿತ್ತು, ಆದರೂ ಕೇಳಿತು. ಐನೂರ ನಲವತ್ತು ತಾನೇ, ಹೇಗೋ ಸರಿದೂಗಿಸಿದರಾಯಿತು ಅನ್ನಿಸಿತು. ಐದು ನಿಮಿಷದಲ್ಲಿ ಫೀಸಿನ ಕಾರ್ಡಿಗೆ ಸಹಿ ಹಾಕಿ ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು ನನಗೆ ನಾನೇ ಬೈದುಕೊಂಡೆ. ನಿಮ್ಮ ಮೂಗು ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಬಂದದ್ದು ಮೂಗೊಂದೇ ಅಲ್ಲ.

ದಯವಿಟ್ಟು ಖುಷಿಪಡಬೇಡಿ.

ನಿಮ್ಮ ಮಗಳು


ಏಪ್ರಿಲ್ 28

ಚೂಟಿ,

ನಾನು ಖುಷಿಪಡಲಿಲ್ಲ. ಮೇಸ್ತ್ರಿಗೆ ಹೇಳಿದೆ, ಅಷ್ಟೇ.

ನಿನ್ನಿಂದ ಒಂದು ಉಪಕಾರ ಆಗಬೇಕು. ಬೈಯುವ ಮೊದಲು ಪೂರ್ತಿ ಓದು. ಅಮ್ಮನ ಹಳೆಯ ಫ್ರಿಜ್ ಸತ್ತುಹೋಗಿದೆ. ಅವಳ ಇನ್ಸುಲಿನ್ ಇಡುವುದಕ್ಕೆ ಪಕ್ಕದ ಮನೆಗೆ ಹೋಗಬೇಕು, ಅವರು ಬಾಗಿಲು ತೆಗೆಯುವಾಗ ಮುಖ ಸಿಂಡರಿಸುತ್ತಾರೆ. ಹೊಸದಕ್ಕೆ ಒಂಬತ್ತು ಸಾವಿರ. ದುಡ್ಡು ನನ್ನ ಹತ್ತಿರ ಇದೆ, ಸಾಲ ಕೇಳುತ್ತಿಲ್ಲ. ಅದನ್ನೇ ನಿನ್ನ ಕಾರ್ಡಿನಲ್ಲಿ ಕೊಂಡರೆ ನಿನಗೆ ನೂರ ಎಂಬತ್ತು ಬರುತ್ತದೆ, ಐನೂರ ನಲವತ್ತರಲ್ಲಿ ಅಷ್ಟು ಕಡಿಮೆಯಾಯಿತು.

ನೀನು ಏನು ಅಂದುಕೊಳ್ಳುತ್ತೀಯ ಅಂತ ಗೊತ್ತು. ಅದಕ್ಕೇ ಒಂಬತ್ತು ಸಾವಿರವನ್ನು ನಿನ್ನ ಖಾತೆಗೆ ಇವತ್ತೇ ಹಾಕಿದ್ದೇನೆ. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಅದು ಅಲ್ಲಿ ಕೂತಿರುತ್ತದೆ. ನೀನು ಬೇಡ ಅಂದರೆ ವಾಪಸ್ ಕಳಿಸು.

ನಿನ್ನ ಅಪ್ಪ


ಮೇ 12

ಅಪ್ಪಾ,

ದುಡ್ಡು ಬಂದಿತ್ತು. ಕಾಗದಕ್ಕಿಂತ ಮೂರು ದಿನ ಮೊದಲೇ ಬಂದಿತ್ತು. ನಿಮ್ಮಿಂದ ಹೇಳಿದ ಹೊತ್ತಿಗೆ ಹೇಳಿದಷ್ಟು ಹಣ ಬಂದದ್ದು ನನಗೆ ನೆನಪಿರುವ ಮಟ್ಟಿಗೆ ಇದೇ ಮೊದಲು. ಇದನ್ನು ಚುಚ್ಚುವುದಕ್ಕೆ ಬರೆಯುತ್ತಿಲ್ಲ.

ಫ್ರಿಜ್ ಕೊಂಡು ಮನೆಗೆ ಕಳಿಸಿದ್ದೇನೆ. ಪ್ರತಿ ಸಲವೂ ಅಂಗಡಿ, ಮಾಡೆಲ್, ವಿಳಾಸ ಅಂತ ಕಾಗದ ಓಡಾಡಿಸುವುದು ಆಗದ ಮಾತು. ಬ್ಯಾಂಕಿನವರು ನನ್ನ ಕಾರ್ಡಿಗೆ ಸೇರಿಸಿ ಮನೆಯವರಿಗೆ ಇನ್ನೊಂದು ಕಾರ್ಡು ಕೊಡುತ್ತಾರಂತೆ. ಅಮ್ಮನ ಹೆಸರಿಗೆ ಮಾಡಿಸಿ ಕಳಿಸುತ್ತಿದ್ದೇನೆ. ಔಷಧಿ, ದಿನಸಿ ಅದರಲ್ಲೇ ಕೊಳ್ಳಿ. ಏನೇ ಕೊಂಡರೂ ನನ್ನ ಫೋನಿಗೆ ಮೆಸೇಜು ಬರುತ್ತದೆ, ನೆನಪಿರಲಿ. ಪ್ರತಿ ತಿಂಗಳು ಮೂವತ್ತಕ್ಕೆ ಕಟ್ಟಬೇಕು. ಇಪ್ಪತ್ತೈದರ ಒಳಗೆ ನಿಮ್ಮ ಪಾಲು ನನ್ನ ಖಾತೆಯಲ್ಲಿರಬೇಕು. ಒಂದು ದಿನ ತಡವಾದರೆ ಕಾರ್ಡು ಬಂದ್, ಮಾತೂ ಬಂದ್.

ಇನ್ನೊಂದು ಸಂಗತಿ. ಫ್ರಿಜ್ ಕೊಳ್ಳುವ ಮೊದಲು ಬ್ಯಾಂಕಿನಲ್ಲಿ ನೋಡಿಸಿದೆ. 655 ಆಗಿದೆ! "ಇದೇ ಹಾದಿಯಲ್ಲಿ ಹೋದ್ರೆ ಸೆಪ್ಟೆಂಬರ್ ಹೊತ್ತಿಗೆ ಆರಾಮಾಗಿ ಆಗುತ್ತೆ" ಅಂದರು ಆ ಹೆಂಗಸು. ಲ್ಯಾಬಿಗೆ ವಾಪಸ್ ಬಂದು ಕುಲುಮೆಯ ಬಾಗಿಲು ಒರೆಸುತ್ತ ನಿಂತೆ. "ಏನೇ, ಕಣ್ಣು ಹಾಕ್ತಿದೀಯ?" ಅಂತ ಯಜಮಾನರು ನಕ್ಕರು.

ನಿಮ್ಮ ಮಗಳು


ಜುಲೈ 8

ಅಪ್ಪಾ,

ಜೂನ್ ಇಪ್ಪತ್ತೈದಕ್ಕೆ ನಿಮ್ಮ ಇಪ್ಪತ್ತನಾಲ್ಕು ಸಾವಿರ ಬಂತು. ನಾನು ಮೂವತ್ತರ ತನಕ ಕಾಯದೆ ಅವತ್ತೇ ಪೂರ್ತಿ ಕಟ್ಟಿಬಿಟ್ಟೆ. ಬಿಲ್ಲಿನ ಪಟ್ಟಿಯನ್ನು ಎರಡು ಸಲ ಓದಿದೆ. ಇಪ್ಪತ್ತೆಂಟು ಸಾವಿರ! ನಮ್ಮ ಮನೆಗೆ ಯಾಕೆ ಬೇಕಿತ್ತು ವಾಷಿಂಗ್ ಮಿಷನ್ ಎಂದು ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅದು ಕೆಳಗಿನ ಮನೆಯ ಟೀಚರಮ್ಮನದಂತೆ, ಅವರು ನಿಮ್ಮ ಕೈಗೆ ನಗದು ಕೊಟ್ಟರಂತೆ, ನೀವು ಕಾರ್ಡು ಉಜ್ಜಿದಿರಂತೆ. ಮೇಸ್ತ್ರಿಯ ಕರೆಂಟ್ ಬಿಲ್ಲೂ ಹಾಗೇ ಅಂತೆ.

ಬೈಯಬೇಕು ಅಂತಲೇ ಪೆನ್ನು ಹಿಡಿದೆ. ಆದರೆ ಎಲ್ಲಿ ಬೈಯಲಿ? ದುಡ್ಡು ಒಂದು ಪೈಸೆ ಕಡಿಮೆಯಿಲ್ಲ, ಒಂದು ದಿನ ತಡವಿಲ್ಲ. ಮೇಣ ಕೆತ್ತುತ್ತಿರುವಾಗ ಫೋನು ಟಿಣ್ ಅಂದರೆ ಸಾಕು, ಇದಕ್ಕೆ ಎರಡು ಪರ್ಸೆಂಟ್ ಎಷ್ಟು ಅಂತ ನನ್ನ ತಲೆ ತಾನೇ ಲೆಕ್ಕ ಹಾಕುತ್ತದೆ. ಈ ತಿಂಗಳು ಟಿಣ್ ಟಿಣ್ ಸ್ವಲ್ಪ ಜಾಸ್ತಿಯೇ ಆಗಿದೆ. ಇರಲಿ. ಇಪ್ಪತ್ತೈದು ಮಾತ್ರ ಮರೆಯಬೇಡಿ.

ಅಮ್ಮನ ಕಾಲಿಗೆ ಮೆತ್ತನೆಯ ಚಪ್ಪಲಿ ಕೊಡಿಸಿ. ಅದನ್ನೂ ಕಾರ್ಡಿನಲ್ಲೇ.

ನಿಮ್ಮ ಚೂಟಿ


ಆಗಸ್ಟ್ 27

ಚೂಟಿ,

ಇವತ್ತು ಎಡಗೈಯಲ್ಲೇ ಕೆಲಸ ಮಾಡಿದರೂ ಹೊಲಿಗೆ ನೆಟ್ಟಗೆ ಬೀಳುತ್ತಿತ್ತು, ಅಷ್ಟು ಹುಮ್ಮಸ್ಸು. ಲೆಕ್ಕ ಮುಗಿಸಿದ್ದೇನೆ, ಓದು. ಮಾರ್ಚಿನಿಂದ ಮೇ ತನಕ ನಿನ್ನ ಸಾಮಾನು ಹನ್ನೆರಡು ಸಾವಿರ, ಫ್ರಿಜ್ ಒಂಬತ್ತು, ಆಮೇಲೆ ಮೂರು ತಿಂಗಳು ಇಪ್ಪತ್ತೆಂಟು ಇಪ್ಪತ್ತೆಂಟರ ಹಾಗೆ ಎಂಬತ್ತನಾಲ್ಕು. ಒಟ್ಟು ಒಂದು ಲಕ್ಷದ ಐದು ಸಾವಿರ. ಎರಡು ಪರ್ಸೆಂಟ್, ಎರಡು ಸಾವಿರದ ನೂರು. ಫೀಸು ಸಾವಿರದ ಐನೂರು ಕಳೆ. ಆರುನೂರು ಲಾಭ! ಅದೂ ವರ್ಷ ಇನ್ನೂ ಅರ್ಧ ಬಾಕಿ ಇರುವಾಗ.

ನಿನ್ನ ಐನೂರ ನಲವತ್ತನ್ನು ನಾನು ಹೊಡೆದು ಹಾಕಿದೆ ನೋಡು. ಇಡೀ ಬೀದಿ ನನ್ನ ಹತ್ತಿರ ಬರುತ್ತದೆ. ಇನ್ಶೂರೆನ್ಸ್ ಇರಲಿ, ಟೈರ್ ಇರಲಿ, ಕನ್ನಡಕ ಇರಲಿ, ಎಲ್ಲರೂ ನನ್ನ ಕೈಗೆ ನಗದು ಕೊಟ್ಟು ಹೋಗುತ್ತಾರೆ. ಹೆಸರು ಬರೆದ ಕವರಿನಲ್ಲಿ ಬೇರೆ ಬೇರೆ ಇಡುತ್ತೇನೆ. ಒಂದು ಕವರಿಗೂ ಕೈ ಹಾಕಿಲ್ಲ. ಅಮ್ಮನನ್ನು ಬೇಕಾದರೆ ಕೇಳು. ಒಂದು ಸಲ ಬಾಡಿಗೆ ಕೊಡಲು ಕಷ್ಟವಾಗಿತ್ತು, ಕವರುಗಳು ಕಣ್ಣೆದುರಿಗೇ ಇದ್ದವು, ಆದರೂ ಮುಟ್ಟಲಿಲ್ಲ.

ಆರುನೂರರಲ್ಲಿ ನಿನಗೆ ಏನಾದರೂ ತೆಗೆದುಕೋ. ಮುಂದಿನ ತಿಂಗಳು ನೀನು ಯಜಮಾನತಿ. ಎಂಟು ವರ್ಷ ಸವೆದ ಆ ಸ್ಟೂಲಿಗೆ ನಾನೇ ಬಂದು ಹೊಸ ಕುಶನ್ ಹಾಕಿಕೊಡುತ್ತೇನೆ.

ನಿನ್ನ ಅಪ್ಪ


ಸೆಪ್ಟೆಂಬರ್ 17

ಅಪ್ಪಾ,

ಬ್ಯಾಂಕಿಗೆ ಹೋಗಿ ಬಂದೆ. 618.

ಕಣ್ಣು ಕಾಣಿಸುತ್ತಿಲ್ಲವೇನೋ ಅಂತ ಮತ್ತೆ ನೋಡಿದೆ. 618. ಆ ಹೆಂಗಸಿಗೂ ಅರ್ಥವಾಗದೆ ಪರದೆಯ ಮೇಲಿನ ಪಟ್ಟಿಯನ್ನು ಕೆಳಕ್ಕೆ ಎಳೆಯುತ್ತ ಎಳೆಯುತ್ತ ಹೋಗಿ ನಿಲ್ಲಿಸಿದರು. "ನೀವು ತಡ ಮಾಡಿಲ್ಲ, ಒಂದು ದಿನಾನೂ ಮಾಡಿಲ್ಲ. ಆದ್ರೆ ಇದೇನಿದು? ಮೂವತ್ತು ಸಾವಿರದ ಕಾರ್ಡಲ್ಲಿ ತಿಂಗಳು ತಿಂಗಳು ಇಪ್ಪತ್ತೆಂಟು ಸಾವಿರ! ಕಂಪ್ಯೂಟರಿಗೆ ಏನನ್ಸುತ್ತೆ ಹೇಳಿ? ಈಯಮ್ಮನ ಕೈಯಲ್ಲಿ ಕಾಸಿಲ್ಲ, ಸಾಲದಲ್ಲೇ ದಿನ ದೂಡ್ತಿದಾಳೆ ಅಂತ." ನಾನು ಪೂರ್ತಿ ಕಟ್ಟಿದ್ದೇನಲ್ಲ ಅಂದೆ. "ಕಟ್ಟೋದು ಬೇರೆ, ಬಳಸೋದು ಬೇರೆ. ಬಿಲ್ಲು ಬಂದ ದಿನ ಎಷ್ಟಿತ್ತು ಅನ್ನೋದೇ ಸ್ಕೋರ್ ಹಾಕೋರಿಗೆ ಹೋಗೋದು. ಒಂಬತ್ತು ಸಾವಿರದ ಒಳಗೆ ಇಟ್ಕೊಂಡಿದ್ರೆ ಇವತ್ತು ಸಹಿ ಹಾಕಿಸ್ಕೋತಿದ್ದೆ. ಕಮ್ಮಿ ಬಳಸಿ, ಡಿಸೆಂಬರಲ್ಲಿ ಬನ್ನಿ, ತಾನಾಗೇ ಮೇಲೆ ಬಂದಿರುತ್ತೆ" ಅಂದರು.

ಡಿಸೆಂಬರ್! ನನಗಿರುವುದು ಹದಿಮೂರು ದಿನ.

ಡಿಸೆಂಬರ್ ತನಕ ಕಾಯಿರಿ ಎಂದು ಯಜಮಾನರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. "ನಿನ್ನ ನಂಬರ್ ಕಟ್ಕೊಂಡು ನನಗೇನಾಗಬೇಕು, ನಿನ್ನ ಕೈ ನೋಡಿದೀನಿ. ಆದ್ರೆ ಅಕ್ಟೋಬರಲ್ಲಿ ನನಗೆ ಆಪರೇಷನ್. ದುಡ್ಡು ಬೇಕು ಕಣಮ್ಮ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಬೇರೆ ಒಬ್ಬರು ಮೊದಲೇ ಕೇಳಿದ್ದರಂತೆ.

ಆರುನೂರು ಲಾಭ ಅಂತ ಬರೆದಿದ್ದಿರಲ್ಲ, ಆ ಕಾಗದ ಇನ್ನೂ ನನ್ನ ಬೆಂಚಿನ ಮೇಲಿದೆ. ಆರುನೂರಕ್ಕೆ ನನ್ನ ಲ್ಯಾಬನ್ನು ಮಾರಿದಿರಿ ಅಪ್ಪಾ. ಹೆಸರು ತೊಳೆದುಕೊಳ್ಳುವುದಕ್ಕೆ ಅಂತ ತೆಗೆದುಕೊಂಡ ಕಾರ್ಡನ್ನು ಬೀದಿಯವರ ಟೈರಿಗೆ, ಕನ್ನಡಕಕ್ಕೆ ಉಜ್ಜಿ ಉಜ್ಜಿ ನನ್ನ ಹೆಸರನ್ನೇ ಸವೆಸಿಬಿಟ್ಟಿರಿ. ಯಾಕೆ ಪ್ರತಿ ಸಲವೂ ನನ್ನ ಹೆಸರೇ ಬೇಕು ನಿಮಗೆ?

ಇಷ್ಟು ಬರೆದ ಮೇಲೂ ಸಿಟ್ಟು ಆರುತ್ತಿಲ್ಲ, ಯಾಕೆಂದರೆ ಅದು ಪೂರ್ತಿ ನಿಮ್ಮ ಮೇಲೆ ಹೋಗುತ್ತಿಲ್ಲ. ಮೆಸೇಜು ಬಂದದ್ದು ನನ್ನ ಫೋನಿಗೆ. ಒಂದನ್ನೂ ಬಿಡದೆ ನೋಡಿದ್ದೇನೆ, ಎರಡು ಪರ್ಸೆಂಟ್ ಲೆಕ್ಕ ಹಾಕಿದ್ದೇನೆ, ಖುಷಿಯನ್ನೂ ಪಟ್ಟಿದ್ದೇನೆ. "ಸಣ್ಣಪುಟ್ಟ ಖರ್ಚು" ಎಂದು ಆ ಹೆಂಗಸು ಜನವರಿಯಲ್ಲೇ ಹೇಳಿದ್ದರು. ನಾನೇ ನಿಮಗೆ ಬರೆದಿದ್ದೆ.

ಕಾರ್ಡನ್ನು ಮುಟ್ಟಬೇಡಿ. ಉತ್ತರ ಬರೆಯಬೇಡಿ.

ಮಗಳು


ಸೆಪ್ಟೆಂಬರ್ 25

ಮಗೂ,

ಇದು ಅಮ್ಮ. ನನ್ನ ಅಕ್ಷರ ಓದಲು ಕಷ್ಟ, ನಿಧಾನವಾಗಿ ಓದು.

ಅಪ್ಪನಿಗೆ ನೀನು ಬರೆಯಬೇಡ ಅಂದೆಯಂತೆ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಅವರು ರೆಕ್ಸಿನ್ ಕತ್ತರಿಸುವ ದೊಡ್ಡ ಕತ್ತರಿಯಲ್ಲಿ ಕಾರ್ಡನ್ನು ಚೂರು ಚೂರು ಮಾಡಿದರು. ಇನ್ನೂ ಏನೂ ಕೊಳ್ಳದೆ ಉಳಿದಿದ್ದ, ಹೆಸರು ಬರೆದ ಕವರುಗಳನ್ನು ಮನೆ ಮನೆಗೆ ಹೋಗಿ ವಾಪಸ್ ಕೊಟ್ಟು ಬಂದರು. ಟೀಚರಮ್ಮ, "ಯಾಕಣ್ಣ, ಈ ತಿಂಗಳು ಇಲ್ವಾ?" ಅಂದರೆ ಕವರನ್ನು ಅವರ ಕೈಗಿಟ್ಟು ಮುಂದಿನ ಮನೆಗೆ ನಡೆದರಂತೆ. ನಾಲ್ಕು ದಿನದಿಂದ ಕಾಗದ ಪೆನ್ಸಿಲು ಹಿಡಿದು ಕೂತಿದ್ದಾರೆ. ನಿನಗೆ ಎಷ್ಟು ನಷ್ಟ ಆಯಿತು ಅಂತ ಲೆಕ್ಕ. ಸಾಕು ಬಿಡಿ ಅಂದರೆ ಕೇಳುವುದಿಲ್ಲ.

ನಿನ್ನ ಸಂಕಟ ನನಗೆ ಗೊತ್ತಾಗುತ್ತದೆ. ಕಾರ್ಡು ನನ್ನ ಹೆಸರಲ್ಲಿ ಬಂತು, ನಾನೂ ಅದನ್ನು ಅವರ ಕೈಗೆ ಕೊಟ್ಟು ಸುಮ್ಮನಾದೆ. ಆದರೆ ಒಂದು ಮಾತು. ಅವರು ಹುಂಬರು, ಕೆಟ್ಟವರಲ್ಲ. ಈಗಲೂ ಅವರಿಗೆ ಗೊತ್ತಿರಲಿಲ್ಲ, ಆಗಲೂ ಗೊತ್ತಿರಲಿಲ್ಲ. ಗೊತ್ತಿದ್ದು ಮಗಳಿಗೆ ಯಾರಾದರೂ ಹಾಗೆ ಮಾಡುತ್ತಾರೆಯೇ? ಇಷ್ಟು ವರ್ಷ ನಾನು ಇದೇ ಮಾತನ್ನು ನನಗೆ ಹೇಳಿಕೊಂಡು ಸಂಸಾರ ಮಾಡಿದ್ದೇನೆ.

ಹೊತ್ತು ಹೊತ್ತಿಗೆ ಊಟ ಮಾಡು.

ಅಮ್ಮ


ಅಕ್ಟೋಬರ್ 3

ಚೂಟಿ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಓದಿಬಿಡು, ಇದರಲ್ಲಿ ಪರಿಹಾರ ಇದೆ.

ಲ್ಯಾಬು ನಿನಗೆ ಸಿಕ್ಕಿದ್ದರೆ ತಿಂಗಳಿಗೆ ಈಗಿನ ಸಂಬಳಕ್ಕಿಂತ ಹನ್ನೊಂದು ಸಾವಿರ ಹೆಚ್ಚು ಉಳಿಯುತ್ತಿತ್ತು ಅಂತ ಹಿಡಿದಿದ್ದೇನೆ. ಸಾಲದ ಕಂತು ಏಳು ಸಾವಿರ ಕಳೆದರೆ ನಾಲ್ಕು. ಮುಂದಿನ ಲ್ಯಾಬು ಸಿಗುವುದಕ್ಕೆ ಎರಡು ವರ್ಷ ಅಂದುಕೋ. ಇಪ್ಪತ್ತನಾಲ್ಕು ನಾಲ್ಕಲೆ ತೊಂಬತ್ತಾರು ಸಾವಿರ. ಅದರಲ್ಲಿ ನನ್ನ ತಪ್ಪು ಮುಕ್ಕಾಲು, ನಿನ್ನದು ಕಾಲು ಅಂತ ಇಟ್ಟರೂ ನಾನು ಕೊಡಬೇಕಾದದ್ದು ಎಪ್ಪತ್ತೆರಡು. ಬೇಡ, ಪೂರ್ತಿ ನನ್ನದೇ ಅನ್ನು. ಭಾನುವಾರವೂ ಕೆಲಸಕ್ಕೆ ಹೋದರೆ ತಿಂಗಳಿಗೆ ಎರಡೂವರೆ ಸಾವಿರ ಬರುತ್ತದೆ. ಮೂರು ವರ್ಷ ಎರಡು ತಿಂಗಳು, ಕೊನೆಯ ಕಂತು ಮೂರೂವರೆ. ಬೇರೆ ಹಾಳೆಯಲ್ಲಿ ಕಂತುಗಳನ್ನು ಬರೆದು ಇದರ ಜೊತೆಗಿಟ್ಟಿದ್ದೇನೆ.

ಆ ಆರುನೂರು ನನ್ನ ಕಣ್ಣಿಗೆ ಚುಚ್ಚುತ್ತಿದೆ.

ನಿನ್ನ ಅಪ್ಪ


ಅಕ್ಟೋಬರ್ 14

ಅಪ್ಪಾ,

ಲ್ಯಾಬು ಮಾರಾಟವಾಯಿತು. ಹೊಸಬರು ಬಂದು ಟೇಪು ಹಿಡಿದು ಬೆಂಚು ಅಳೆದರು. ನನ್ನ ಬೆಂಚನ್ನೂ ಅಳೆದರು, ನಾನು ಎದ್ದು ಪಕ್ಕಕ್ಕೆ ನಿಂತೆ. "ನೀವು ಇಲ್ಲೇ ಮುಂದುವರೀರಿ, ನಿಮ್ಮ ಕೆಲಸದ ಬಗ್ಗೆ ಕೇಳಿದೀನಿ" ಅಂದರು. ಒಳ್ಳೆಯವರೇ. ಸಂಬಳ ಅಷ್ಟೇ. ಹಳೆಯ ಯಜಮಾನರು ಹೋಗುವಾಗ ಕುಲುಮೆಯ ಬೀಗದ ಕೈಯನ್ನು ನನಗೆ ಕೊಡಲು ಬಂದವರು, ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಕಾರ್ಡನ್ನು ರದ್ದು ಮಾಡುತ್ತಿಲ್ಲ. ಮಾಡಿದರೆ ಇಷ್ಟು ತಿಂಗಳು ಕಟ್ಟಿದ್ದು ಹೆಸರಿಗೆ ಅಷ್ಟಾಗಿ ಬಲ ಕೊಡುವುದಿಲ್ಲವಂತೆ. ಫೆಬ್ರವರಿಯಲ್ಲಿ ಮತ್ತೆ ಒಂದೂವರೆ ಸಾವಿರ ಫೀಸು ಕಟ್ಟುತ್ತೇನೆ. ಅದರಲ್ಲಿ ಬಸ್ ಪಾಸು ಮಾತ್ರ ಕೊಳ್ಳುತ್ತೇನೆ. ಎಷ್ಟು ವಾಪಸ್ ಬರುತ್ತದೆ ಅಂತ ನೋಡುವುದಿಲ್ಲ. ಫೀಸು ಸುಮ್ಮನೆ ಹೋಗುತ್ತದೆ. ಹೋಗಲಿ.

ನಿಮ್ಮ ಕಂತಿನ ಹಾಳೆ ವಾಪಸ್ ಕಳಿಸಿದ್ದೇನೆ. ಭಾನುವಾರ ಮನೆಯಲ್ಲಿರಿ. ಅಪ್ಪಾ, ಜನವರಿಯಿಂದ ನೀವು ಬರೆದ ಕಾಗದಗಳನ್ನೆಲ್ಲ ಇವತ್ತು ಸಾಲಾಗಿಟ್ಟು ಓದಿದೆ. ಎಲ್ಲದರಲ್ಲೂ ಲೆಕ್ಕ. ತಪ್ಪಿಗೂ ಮುಕ್ಕಾಲು, ಕಾಲು ಅಂತ ಭಾಗ ಹಾಕಿದ್ದೀರಿ. ನನಗೆ ತೊಂಬತ್ತಾರು ಸಾವಿರ ಬೇಡ. ಸಂಖ್ಯೆಯೇ ಇಲ್ಲದ ಒಂದು ಕಾಗದ ಬರೆಯಿರಿ. ನಿಮ್ಮ ಕೈಯಲ್ಲಾದರೆ.

ಮಗಳು


ಭಾನುವಾರ

ಚೂಟಿ,

ತಾರೀಕು ಹಾಕಿಲ್ಲ. ಅದೂ ಸಂಖ್ಯೆಯೇ ಅಂತ ಅಮ್ಮ ಹೇಳಿದಳು.

ತುಂಬ ಹಾಳೆಗಳನ್ನು ಹರಿದು ಹಾಕಿದೆ. ಲೆಕ್ಕ ತೆಗೆದುಬಿಟ್ಟರೆ ನನ್ನ ಹತ್ತಿರ ಹೇಳುವುದಕ್ಕೆ ಉಳಿಯುವುದು ಇದೇ. ಇದನ್ನು ಹೇಳಬೇಕಾಗುತ್ತದೆ ಅಂತಲೇ ಲೆಕ್ಕ ಬರೆಯುತ್ತಿದ್ದೆನೋ ಏನೋ.

ಜಾಮೀನಿನ ದಿನ ಬ್ಯಾಂಕಿನಲ್ಲಿ ನೀನು ಕಾಗದಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. "ಓದಿ ಸಹಿ ಹಾಕ್ತೀನಿ ಅಪ್ಪ" ಅಂದೆ. ನಾನು ಹಾಳೆಯ ಮೇಲೆ ಅಂಗೈ ಇಟ್ಟೆ. "ಅಪ್ಪನ ಮೇಲೆ ನಂಬಿಕೆ ಇಲ್ವಾ?" ಅಂದೆ, ಎದುರಿಗಿದ್ದ ಗುಮಾಸ್ತನಿಗೂ ಕೇಳಿಸುವ ಹಾಗೆ ಅಂದೆ. ಅವನು ನಕ್ಕ. ನಿನ್ನ ಮುಖ ಕೆಂಪಾಯಿತು. ನೀನು ಪೆನ್ನು ತೆಗೆದುಕೊಂಡೆ. ನಾನು ಕೈ ಸರಿಸಿದ್ದು ಸಹಿ ಹಾಕುವಷ್ಟು ಜಾಗ ಬಿಡುವುದಕ್ಕೆ ಮಾತ್ರ.

ನಾನು ಅದನ್ನು ಹಿಂದಿನ ದಿನವೇ ಮನೆಯಲ್ಲಿ ಕೂತು ಓದಿದ್ದೆ. ನಾನು ಕಟ್ಟದಿದ್ದರೆ ನಿನ್ನ ಸಂಬಳಕ್ಕೆ ಕೈ ಹಾಕುತ್ತಾರೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಂಗಡಿ ನಡೆಯುವುದು ಅನುಮಾನ ಅಂತಲೂ ನನಗೆ ಗೊತ್ತಿತ್ತು. ನೀನು ಓದಿದರೆ ಸಹಿ ಹಾಕುವುದಿಲ್ಲ ಅಂತ ಹೆದರಿ ಕೈ ಇಟ್ಟೆ.

ಕಾರ್ಡಿನ ವಿಷಯದಲ್ಲಿ ನನಗೆ ಗೊತ್ತಿರಲಿಲ್ಲ, ಅದು ನಿಜ. ಆವತ್ತು ಗೊತ್ತಿರಲಿಲ್ಲ ಅಂತ ಹೇಳುತ್ತ ಬಂದದ್ದು ಸುಳ್ಳು.

ತಪ್ಪು ಮಾಡಿದೆ ಮಗಳೇ. ನಿನಗೆ ಮಾಡಿದೆ, ಗೊತ್ತಿದ್ದೂ ಮಾಡಿದೆ.

ಇದನ್ನು ಅಂಚೆಗೆ ಹಾಕುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ಅವಳು ಎದ್ದು ಕೆಳಗೆ ಟೀಚರಮ್ಮನ ಮನೆಗೆ ಹೋದವಳು ಇನ್ನೂ ಮೇಲೆ ಬಂದಿಲ್ಲ.

ಅಪ್ಪ